ಬಾಡಿಗಿ ಖುರ್ಚಿ ಬ್ಯಾಡಂದ ವೈನಿ

ಕುರ್ಚಿ ಕೊಳ್ಳಲು ಹೋಗಿ, ಚಪ್ಪಲಿ ಕಳಚಿಟ್ಟು, ಎರಡೂ ಕಾಲು ಮೇಲೆತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕೂತು ನೋಡಿದವರನ್ನು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ. ಗಡಹಿಂಗ್ಲಜದಲ್ಲಿ ನಮ್ಮ ಪಕ್ಕದ ಮನೆಯ ವೈನಿ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಅವರ ಯಜಮಾನರನ್ನು ನನ್ನ ಗಂಡ ಅಣ್ಣಾ ಅನ್ನುತ್ತಿದ್ದರು, ಹಾಗಾಗಿ ಅವರು ನನಗೂ ವೈನಿಯಾದರು.

ಈಗ ಅವರು ನೆನಪಾಗಿದ್ದು ನನ್ನ ಮೊಮ್ಮಗಳಿಂದ. ಕೊಲ್ಹಾಪುರದಲ್ಲಿ ನಾವಿರುವ ಹೊಸ ಫ್ಲ್ಯಾಟಿನ ಹಾಲಿಗೆ ಅವಳಿಗೊಂದು ಕುರ್ಚಿ ಬೇಕಂತೆ. ‘ಅಜ್ಜಿ, ಸ್ಟೇಟ್‌ಮೆಂಟ್ ಚೇರ್ ಅಂತಾರ. ಬಾಕಿ ಎಲ್ಲಾ ಪ್ಲೇನ್ ಇರಬೇಕು, ಅದೊಂದ ಎದ್ದ ಕಾಣಬೇಕು. ಮತ್ತ ಬಜೆಟ್‌ನಾಗೂ ಕುಂದರಬೇಕು,’ ಅಂತ ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸಿ ತೋರಿಸಿದಳು. ಹಳದಿ, ನವಿಲು ನೀಲಿ, ಗುಲಾಬಿ. ವೆಲ್ವೆಟ್ಟು, ಕಡ್ಡಿಯಂಥ ಬಂಗಾರದ ಕಾಲುಗಳು. ಎಲ್ಲವೂ ಚಂದವೇ. ಯಾವುದರ ಮೇಲೂ ಒಬ್ಬ ಮನುಷ್ಯ ಕೂತಿರಲಿಲ್ಲ. ‘ಯಾವ್ದು ಚಲೋ ಐತಿ ಹೇಳು,’ ಅಂದಳು. ನಾನು ಕನ್ನಡಕ ಒರೆಸುತ್ತ ಕೂತುಬಿಟ್ಟೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಕೂರುವುದನ್ನೇ ಒಂದು ಪಾಠವಾಗಿ ಕಲಿಸಿದ್ದರು. ಬೆನ್ನು ನೆಟ್ಟಗೆ, ಮೊಣಕಾಲು ಜೋಡಿಸಿ, ಪಾದ ನೆಲಕ್ಕೆ, ಕೈ ಮಡಿಲಲ್ಲಿ. ಪೋಶ್ಚರ್, ಗರ್ಲ್ಸ್, ಪೋಶ್ಚರ್. ಈ ವಯಸ್ಸಿಗೂ ನಾನು ಹಾಗೆಯೇ ಕೂರುತ್ತೇನೆ. ವೈನಿಗೆ ಕೂರುವುದನ್ನು ಯಾರೂ ಕಲಿಸಿರಲಿಲ್ಲ. ಏಳುವುದನ್ನು ಕಲಿಸಿದ್ದರು.

ಅವರದು ಒಣಮೆಣಸಿನಕಾಯಿ ವ್ಯಾಪಾರದ ಮನೆ. ಸುಗ್ಗಿಯ ದಿನಗಳಲ್ಲಿ ಆ ಮನೆಯ ಬಾಗಿಲು ದಾಟಿದರೆ ಸೀನು ಬಾರದೆ ಒಳಗೆ ಹೋದವರಿಲ್ಲ. ಪಡಸಾಲೆಯಲ್ಲಿ ಮೆಣಸಿನಕಾಯಿ ಚೀಲಗಳು, ಗೋಡೆಗೆ ಒರಗಿದ ತಕ್ಕಡಿ, ಬಾಗಿಲ ಪಕ್ಕದಲ್ಲಿ ಒಂದು ಆರಾಮ ಕುರ್ಚಿ. ಅದರಲ್ಲಿ ದೊಡ್ಡಪ್ಪಾರು, ವೈನಿಯ ಗಂಡನ ಅಣ್ಣ. ಹೆಂಡತಿ ಬೇಗ ತೀರಿಕೊಂಡು ತಮ್ಮನ ಮನೆಯನ್ನೇ ತಮ್ಮದೆಂದುಕೊಂಡವರು. ಕೆಟ್ಟವರಲ್ಲ. ನಮ್ಮ ಮಗಳಿಗೆ ದಿನಾ ಜೇಬಿನಿಂದ ಪೇಪರಮಿಂಟು ಕೊಡುತ್ತಿದ್ದರು. ಆದರೆ ಅವರು ಕೆಮ್ಮಿದ ಸದ್ದಿಗೆ ಆ ಮನೆಯ ಹೆಂಗಸರೆಲ್ಲ ಎದ್ದು ನಿಲ್ಲುತ್ತಿದ್ದರು, ಅಡುಗೆಮನೆಯಲ್ಲಿ ಒಬ್ಬರೇ ಇದ್ದರೂ.

ವೈನಿ ಚಹಾ ತಂದು ಕೊಟ್ಟು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ಅವರ ಕೈ ಹಿಡಿಯುವ ಜಾಗದಲ್ಲಿ ಆ ಕಟ್ಟಿಗೆ ಸವೆದು ನುಣುಪಾಗಿತ್ತು, ಗುಡಿಯ ಕಂಬದ ಹಾಗೆ. ನಾನು ಪಡಸಾಲೆಯಲ್ಲಿ ಕುರ್ಚಿ ಮೇಲೆ ಕೂತು ಮಾತಾಡಿದರೆ ಅವರು ನಿಂತು ಮಾತಾಡುತ್ತಿದ್ದರು. ನಾನು ನೆಲಕ್ಕೆ ಇಳಿದರೆ ತಾವೂ ಹೊಸ್ತಿಲ ಒಳಗೆ ಕುಕ್ಕರುಗಾಲಲ್ಲಿ ಕೂರುವರು, ಸೆರಗು ಸರಿಮಾಡಿಕೊಂಡು, ಏಳಲು ತಯಾರಾಗಿ.

‘ಯಾಕ್ರಿ ವೈನಿ, ಒಂದೀಟ ಕುರ್ಚಿ ಮ್ಯಾಲೆ ಕುಂದ್ರಬಾರದ?’ ಅಂದರೆ ನಗುವರು.

‘ಅಕ್ಕೋರ, ಖುರ್ಚಿಗೆ ನಾಕ ಕಾಲು, ಅದಕ್ಕ ಅದು ಸುಮ್ಮನ ಕುಂತಿರತೈತಿ. ನನಗ ಎರಡ ಅದಾವ, ಓಡ್ಯಾಡಬೇಕ ನೋಡ್ರಿ.’

ನಾನು ಹುಡುಗಿಯರ ಶಾಲೆಯಲ್ಲಿ ಇಂಗ್ಲೀಷ್ ಕಲಿಸುತ್ತಿದ್ದೆ. ಆ ಮನೆಯವರಿಗೆಲ್ಲ ನಾನು ಅಕ್ಕೋರು. ಒಮ್ಮೆ ನನ್ನ ಟೀಚರತನ ತಡೆಯದೆ ಕೇಳಿಬಿಟ್ಟಿದ್ದೆ: ‘ದೊಡ್ಡಪ್ಪಾರು ನಿಮಗ ಕುಂದರಬ್ಯಾಡ ಅಂತ ಎಂದಾದ್ರೂ ಅಂದಾರೇನ್ರಿ?’

ವೈನಿ ಖಾಲಿ ಕಪ್ಪು ಎತ್ತಿಕೊಂಡರು. ‘ಯಾರೂ ಅಂದಿಲ್ರಿ. ಅಂದಿದ್ರ ಮೀರಾಕ ಬರ್ತಿತ್ತು.’

ಈ ಮಾತು ಫ್ರ್ಯಾಂಕ್ಲಿ ನನಗೆ ಆಗ ಅರ್ಥವಾಗಿರಲಿಲ್ಲ.

ಏನನ್ನಾದರೂ ಆರಿಸುವಾಗ ವೈನಿಯನ್ನು ನೋಡಬೇಕಿತ್ತು. ಮೆಣಸಿನಕಾಯಿ ಕೈಗೆ ಬಂದರೆ ಕಿವಿಯ ಬಳಿ ಅಲುಗಿಸಿ ಬೀಜದ ಸದ್ದು ಕೇಳುವರು. ಸೀರೆಯಾದರೆ ಅಂಚಿನ ಮೂಲೆಗೆ ನೀರು ಹಚ್ಚಿ ಉಜ್ಜುವರು. ಮಗನಿಗೆ ಹೆಣ್ಣು ನೋಡಲು ಆಜರಾಕ್ಕೆ ಹೋದಾಗ ಹುಡುಗಿಗೆ ಹಾಡು ಬರತೈತೇನು, ಅಡುಗೆ ಬರತೈತೇನು ಅಂತ ಉಳಿದವರು ಕೇಳಿದರೆ, ಇವರು ‘ನಿನಗ ನಗು ಬಂದಾಗ ಬಾಯಿ ಮುಚ್ಚಕೊಂತಿಯೇನವಾ?’ ಅಂದರಂತೆ. ಆ ಹುಡುಗಿ ಗೊಳ್ಳೆಂದು ನಕ್ಕಳಂತೆ, ಬಾಯಿ ಮುಚ್ಚದೆ. ‘ಇದ ಇರ್ಲಿ,’ ಅಂದು ಎದ್ದರಂತೆ. ಆ ಸೊಸೆ ಕೊನೆಯವರೆಗೂ ಅವರನ್ನು ಚೆನ್ನಾಗಿ ನೋಡಿಕೊಂಡಳು.

ವೈನಿಯ ಯಜಮಾನರು ತೀರಿಕೊಂಡದ್ದು ಮಧ್ಯಾಹ್ನ, ಅಂಗಡಿಯಲ್ಲೇ. ಅದಾಗಿ ಒಂದೆರಡು ವರ್ಷ ಕಳೆದಿರಬೇಕು. ನಾನು ಕಣ್ಣು ತೋರಿಸಲು ಕೊಲ್ಹಾಪುರಕ್ಕೆ ಹೊರಟಿದ್ದೆ. ಹಿಂದಿನ ದಿನ ವೈನಿ ಹಿತ್ತಲ ಗೋಡೆಯ ಬಳಿ ಬಂದು ನಿಂತರು.

‘ಅಕ್ಕೋರ, ನಾನೂ ಬರ್ತೇನ್ರಿ. ನನಗೊಂದ ಖುರ್ಚಿ ತಗೋಳೂದೈತಿ. ಭಾಳ ತುಟ್ಟಿ ಬ್ಯಾಡ, ಖಾರದ ಪುಡಿ ಮಾರಿದ್ದು ನನ್ನ ಸ್ವಂತ ರೊಕ್ಕದಾಗ ಬರಬೇಕು. ಆದ್ರ ಒಮ್ಮಿ ನೋಡಿದಾವ್ರು ಮತ್ತೊಮ್ಮಿ ತಿರುಗಿ ನೋಡಬೇಕು, ಅಂಥಾದ್ದು.’

ನನಗೆ ಎಷ್ಟು ಖುಷಿಯಾಯಿತೆಂದರೆ! ಅಟ್ ಲಾಸ್ಟ್, ಅಂದುಕೊಂಡೆ. ಮೊಣಕಾಲು ಬಿದ್ದುಹೋಗಿದ್ದವು ಅವರದು. ‘ಮಡಚಾಕ ಬರತೈತಿ, ಏಳಾಕ ಬರೂದಿಲ್ಲ’ ಅನ್ನುತ್ತಿದ್ದರು. ನೆಲದ ಮೇಲೆ ಕೂರಬೇಡಿ ಅಂತ ಡಾಕ್ಟರು ಹೇಳಿದ ಮೇಲೆ ಮಗ ಅಡುಗೆಮನೆಗೆ ಒಂದು ಪ್ಲಾಸ್ಟಿಕ್ ಸ್ಟೂಲು ತಂದುಕೊಟ್ಟಿದ್ದ. ಈಗ ತಾವೇ ಕುರ್ಚಿ ಬೇಕು ಅನ್ನುತ್ತಿದ್ದಾರೆ, ಅದೂ ಎದ್ದು ಕಾಣುವಂಥದ್ದು.

ಕೊಲ್ಹಾಪುರದಲ್ಲಿ ಮೊದಲು ಗಾಜಿನ ಬಾಗಿಲಿನ ದೊಡ್ಡ ಶೋರೂಮಿಗೇ ಕರೆದುಕೊಂಡು ಹೋದೆ. ಟೈ ಕಟ್ಟಿದ ಸೇಲ್ಸ್‌ಮನ್ ‘ಯಾ ಮಾವಶಿ, ಬಸಾ’ ಅಂತ, ಬನ್ನಿ ಕೂರಿ ಅಂತ, ಮರಾಠಿಯಲ್ಲಿ ಮರ್ಯಾದೆಯಿಂದಲೇ ಕರೆದ. ವೈನಿ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದಿದ್ದರು. ಹಸಿರು ವೆಲ್ವೆಟ್ಟಿನದೊಂದು ಕುರ್ಚಿಯ ಕೈ ಹಿಡಿದು, ಹತ್ತಿ, ಎರಡೂ ಕಾಲು ಮೇಲೆಳೆದುಕೊಂಡರು. ಅವರ ಮೊಣಕಾಲುಗಳು ಎರಡೂ ಕಡೆ ಕುರ್ಚಿಯ ಹೊರಗೆ ಚಾಚಿಕೊಂಡವು. ಆಮೇಲೆ ಹಿಂದಕ್ಕೊರಗಿ, ಕಣ್ಣು ಮುಚ್ಚಿ, ಎಡಗೈಯನ್ನು ಅಂಗೈ ಮೇಲಾಗಿ ಮಡಿಲಲ್ಲಿಟ್ಟುಕೊಂಡರು. ಅವರ ತಲೆ ಮೆಲ್ಲಗೆ ಒಂದು ಕಡೆ ವಾಲಿತು.

‘ಬ್ಯಾಡ,’ ಅಂದರು ಕಣ್ಣು ಬಿಟ್ಟು. ‘ಬೆನ್ನ ಗಿಡ್ಡ ಐತಿ. ತಲಿ ನಿಲ್ಲೂದಿಲ್ಲ.’

ಒಂದಾದ ಮೇಲೊಂದು ಹತ್ತಿ ಇಳಿದರು. ಒಂದು ತೀರಾ ಇಕ್ಕಟ್ಟು, ಇನ್ನೊಂದು ತೀರಾ ಮೆತ್ತಗೆ, ಕೂತರೆ ಒಂದು ಕಡೆ ಹೂತುಹೋಗುತ್ತಿತ್ತು. ಸೇಲ್ಸ್‌ಮನ್‌ಗೆ ನಗು ತಡೆಯಲಾಗಲಿಲ್ಲ. ‘ಮಾವಶಿ, ಹೀ ಬಸಾಯಲಾ ನಾಹೀ, ಲುಕ್‌ಸಾಠೀ ಆಹೇ,’ ಅಂದ. ಇದು ಕೂರಲಿಕ್ಕಲ್ಲ, ನೋಡಲಿಕ್ಕೆ ಅಂತ.

ವೈನಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಕುಂದ್ರಾಕಲ್ಲದ ಖುರ್ಚಿ, ಉಣ್ಣಾಕಲ್ಲದ ಹೋಳಿಗಿ. ನಡೀರಿ, ಇವನ ಮದುವ್ಯಾಗ ಇಂಥಾ ಎರಡ ಇಟ್ಟ ಆರತಿ ಮಾಡೋಣು,’ ಅಂದರು.

ಬೆಲೆ ಕೇಳಿದ ಮೇಲೆ ನಾನೂ ಹೊರಗೆ ಬರಲು ಅವಸರ ಮಾಡಿದೆ.

ಹಳೇ ಸಾಮಾನಿನ ಅಂಗಡಿಗಳ ಓಣಿಯಲ್ಲಿ ಅದು ಸಿಕ್ಕಿತು. ಯಾವುದೋ ಬಂಗಲೆಯಿಂದ ಬಂದದ್ದಿರಬೇಕು. ತಲೆಗಿಂತ ಎತ್ತರದ ಬೆನ್ನು, ಎರಡೂ ಕಡೆ ಆನೆಯ ಕಿವಿಯ ಹಾಗೆ ಮುಂದಕ್ಕೆ ಬಾಗಿದ ರೆಕ್ಕೆ, ಅಗಲವಾದ ಕೂರುವ ಜಾಗ, ಸಾಗವಾನಿ ಕಾಲು. ಬಟ್ಟೆ ಹರಿದು ಒಳಗಿನ ತೆಂಗಿನ ನಾರು ಹೊರಗೆ ಬಂದಿತ್ತು. ವೈನಿ ಅದರ ಮೇಲೆ ಹತ್ತಿ ಕಾಲು ಮಡಚಿ ಕೂತರು. ಕಣ್ಣು ಮುಚ್ಚಿದರು. ತಲೆ ವಾಲಿತು, ರೆಕ್ಕೆಗೆ ತಾಗಿ ನಿಂತಿತು. ಅಂಗಡಿಯ ಮುದುಕ ‘ಆಜೀ, ಝೋಪ ಲಾಗಲೀ ಕಾಯ್?’ ಅಂದ, ನಿದ್ದೆ ಹತ್ತಿತೇನು ಅಂತ.

‘ಅಜೂನ್ ನಾಹೀ ಬಾಬಾ,’ ಅಂದರು ವೈನಿ ಕಣ್ಣು ಬಿಡದೆ. ಇನ್ನೂ ಇಲ್ಲಪ್ಪಾ. ಆಮೇಲೆ ಕುರ್ಚಿಯ ಕೈ ತಟ್ಟಿ ನನಗೆ, ‘ಇದು ಹಿಡಿತೈತ್ರಿ,’ ಅಂದರು.

ಜೀಪಿನ ಟಪ್ಪಿನ ಮೇಲೆ ಕುರ್ಚಿ ಕಟ್ಟಿಸಿ ಹೊರಟೆವು. ಕಾಗಲ ದಾಟಿದೆವು. ಆಮೇಲೆ, ಕಣ್ಣು ಯಾಕ ಮುಚ್ಚತಿದ್ರಿ ಅಂತ ಕೇಳಿದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಕೂರಿಸುತ್ತಾರೆ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು. ಬಂದವರೆಲ್ಲ ಹಾಗೆ ಕೂತವರ ಪಾದ ಮುಟ್ಟಿ ನಮಸ್ಕರಿಸುತ್ತಾರೆ. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಮಣ್ಣು. ಇದೆಲ್ಲ ನನಗೆ ಗೊತ್ತಿದ್ದದ್ದೇ. ನನ್ನ ಅಪ್ಪನೂ ಹಾಗೆಯೇ ಹೋದವರು. ಆದರೂ ಆ ಶೋರೂಮಿನಲ್ಲಿ ವೈನಿಯ ಮಡಿಲಲ್ಲಿದ್ದ ಎಡಗೈ ನನಗೆ ಹೊಳೆದಿರಲಿಲ್ಲ.

‘ನಮ್ಮವರು ಹ್ವಾದಾಗ ನೀವ ಇದ್ರೆಲ್ಲಾ,’ ಅಂದರು ವೈನಿ. ‘ಪಡಸಾಲ್ಯಾಗ ಕುಂದರಸಾಕ ಸರೀದು ಏನೂ ಸಿಗಲಿಲ್ಲ, ಮಂದಿ ಕುಂದ್ರೂ ಖುರ್ಚಿ ಇಕ್ಕಟ್ಟ. ದೊಡ್ಡಪ್ಪಾರದು ಆರಾಮ ಖುರ್ಚಿ, ಅದರಾಗ ಕುಂದರಸಾಕ ಬರೂದಿಲ್ಲ. ಪೆಂಡಾಲದಾವ್ರ ಕಡೆಯಿಂದ ಕೆಂಪ ಪ್ಲಾಸ್ಟಿಕ್ ಖುರ್ಚಿ ತಂದ್ರು. ಶಾಲ್ ಕಟ್ಟಿದ್ರು, ಆದ್ರೂ ವಾಲಿದ್ರು. ಫೋಟೋ ನೋಡೀರಿಲ್ಲೋ? ಹಣೀ ತುಂಬ ವಿಭೂತಿ, ಹಿಂದ ಭುಜದ ಮ್ಯಾಲೆ ಖುರ್ಚಿ ಬೆನ್ನಿಗೆ ಪೆಂಡಾಲದಾವನ ಹೆಸರು, ಬಿಳೇ ಪೇಂಟಿನಾಗ. ಇಡೀ ಜೀವ ಸ್ವಂತ ಅಂಗಡ್ಯಾಗ ಕುಂತಾವ್ರು ಅಕ್ಕೋರ. ಕಡೀಗೆ ಬಾಡಿಗಿ ಖುರ್ಚಿ ಮ್ಯಾಲೆ ಹ್ವಾದ್ರು.’

ಆ ಫೋಟೋ ನಾನು ನೋಡಿದ್ದೆ. ಆ ಅಕ್ಷರ ನೋಡಿರಲಿಲ್ಲ.

‘ನನಗ ಬಾಡಿಗಿ ಖುರ್ಚಿ ಬ್ಯಾಡ. ಜೀವ ಇದ್ದಾಗಂತೂ ಯಾರ ಮುಂದೂ ಕುಂದರಲಿಲ್ಲ. ಅವತ್ತ ಊರ ಮಂದಿ ಎಲ್ಲಾ ನನ್ನ ಮುಂದ ನಿಂದರ್ತಾರ. ದೊಡ್ಡಪ್ಪಾರೂ ಇದ್ರ ಅವರೂ ನಿಂದರ್ತಾರ. ಅವತ್ತ ಒಂದಿನರೆ ಚಂದಾಗಿ ಕುಂದರ್ತೇನಿ.’

‘ಹೌ ಮಾರ್ಬಿಡ್, ವೈನಿ,’ ಅಂದೆ.

‘ಹಂಗಂದ್ರೇನ್ರಿ?’

‘ಏನಿಲ್ಲ.’

ನಿಪ್ಪಾಣಿ ಬಂತು. ಟಪ್ಪಿನ ಮೇಲೆ ಕುರ್ಚಿ ಹಗ್ಗದಲ್ಲಿ ಕಿರಗುಟ್ಟುತ್ತಿತ್ತು. ಅದರಲ್ಲಿ ಈಗಾಗಲೇ ಯಾರೋ ಕೂತಿದ್ದಾರೆ ಅನ್ನಿಸಿ ನನಗೆ ಮೇಲೆ ನೋಡಲು ಭಯವಾಯಿತು.

ಬಟ್ಟೆ ಇಚಲಕರಂಜಿಯದು, ಅದಕ್ಕೆಂದೇ ಇನ್ನೊಂದು ದಿನ ಹೋಗಿದ್ದೆವು. ಅದು ವೈನಿಯ ತವರು. ಹಗಲೂ ರಾತ್ರಿ ಮಗ್ಗದ ಸದ್ದಿನಲ್ಲಿ ಬೆಳೆದವರು. ಅದಕ್ಕೇ ಅವರ ದನಿ ಸ್ವಲ್ಪ ಜೋರು, ಆದರೆ ಆ ಜೋರು ದನಿಯಲ್ಲೇ ಮೆತ್ತಗಿನ ಮಾತು ಆಡುವರು. ಕಟ್‌ಪೀಸ್ ಅಂಗಡಿಯಲ್ಲಿ ದಪ್ಪ ಬಟ್ಟೆಯ ರಾಶಿಯ ಮುಂದೆ ನಿಂತು ನಾನು ಬೀಜ್ ಆರಿಸಿದೆ, ಸೋಬರ್ ಆಗಿರತೈತಿ ಅಂತ. ವೈನಿ ತಲೆ ಅಲ್ಲಾಡಿಸಿ ಕೆಳಗಿನಿಂದ ಒಂದು ತುಂಡು ಎಳೆದರು. ಒಣಮೆಣಸಿನಕಾಯಿಯ ಕೆಂಪು, ಸಂಕೇಶ್ವರಿ ಕಾಯಿ ಬಿಸಿಲಿನಲ್ಲಿ ಒಣಗಿದಾಗ ಬರುತ್ತದಲ್ಲ, ಆ ಕಡುಗೆಂಪು.

‘ವಿಭೂತಿ ಬೆಳ್ಳಗ, ಸೀರಿ ಬೆಳ್ಳಗ. ಹಿಂದ ಇದಿದ್ರ ಫೋಟೋದಾಗ ಎದ್ದ ಕಾಣತೈತಿ.’

ಆಮೇಲೆ ಅಂಗಡಿಯವನಿಂದ ನೀರು ಇಸಿದುಕೊಂಡು ಬಟ್ಟೆಯ ಮೂಲೆ ತೊಯಿಸಿ ತಮ್ಮ ಸೆರಗಿಗೆ ಉಜ್ಜಿದರು. ಬಣ್ಣ ಹತ್ತಲಿಲ್ಲ. ‘ಜಳಕಾ ಮಾಡಿಸಿ ಹಸೀ ಮೈಲೇನ ಕುಂದರಸ್ತಾರ,’ ಅಂದರು ನನ್ನ ಕಿವಿಯ ಹತ್ತಿರ. ‘ಬಣ್ಣ ಬಿಟ್ರ ಸೀರಿ ಹೊಲಸಾಗತೈತಿ.’ ತರಕಾರಿ ಆರಿಸುವವರ ದನಿ. ನಾನು ನನ್ನ ಬೀಜ್ ತುಂಡನ್ನು ಮಡಚಿ ರಾಶಿಯ ಮೇಲಿಟ್ಟೆ.

ಗಡಹಿಂಗ್ಲಜದ ಗಾದಿ ಹೊಲಿಯುವವನು ಫೋಮು ಹಾಕುತ್ತೇನೆ ಅಂದದ್ದಕ್ಕೂ ಒಪ್ಪಲಿಲ್ಲ. ಹತ್ತಿಯೇ ಬೇಕು, ಬಿಗಿಯಾಗಿ ತುಂಬಬೇಕು. ಫೋಮು ಕೂತವರನ್ನು ಎತ್ತಿ ಹಾಕುತ್ತದೆ, ಹತ್ತಿ ಹಿಡಿದುಕೊಳ್ಳುತ್ತದೆ ಅಂತ ಅವರ ವಾದ.

ಕುರ್ಚಿ ಮನೆಗೆ ಬಂದ ದಿನ ಓಣಿಯೇ ನೋಡಲು ಬಂತು. ನಿಜಕ್ಕೂ ಬ್ಯೂಟಿಫುಲ್. ಅರಮನೆಯದೆಂದರೂ ನಂಬಬಹುದಿತ್ತು. ಸೊಸೆ ಪಡಸಾಲೆಯಲ್ಲಿ ಜಾಗ ಮಾಡಿದ್ದಳು. ವೈನಿ ಮಾತ್ರ ಅದನ್ನು ತಮ್ಮ ಕೋಣೆಗೆ ಒಯ್ಯಿಸಿ, ಗೋಡೆಗೆ ಹಚ್ಚಿ, ಮೇಲೊಂದು ಹಳೇ ಸೀರೆ ಹೊದಿಸಿಬಿಟ್ಟರು. ದೊಡ್ಡಪ್ಪಾರು ಆರಾಮ ಕುರ್ಚಿಯಿಂದಲೇ ‘ಯಾರಿಗದು?’ ಅಂತ ಕೇಳಿದರು. ವೈನಿ ಹೊದಿಕೆಯ ಮೂಲೆ ಎಳೆದು ಸರಿಮಾಡಿದರು.

ಮಗ ದಿನಾ ಗೊಣಗುತ್ತಿದ್ದ. ‘ಅವ್ವಾ, ಅಷ್ಟ ಆಸೆಪಟ್ಟ ತಂದಿ, ಒಂದಿನ ಕುಂತಿಲ್ಲ. ಯಾವಾಗ ಕುಂದರ್ತಿ?’

‘ಟೈಮ್ ಬಂದಾಗ ಕುಂದರ್ತೇನಪಾ. ನೀ ಯಾಕ ಅವಸರ ಮಾಡ್ತಿ?’

ಅವನಿಗೆ ತಿಳಿಯದು, ನನಗೆ ತಿಳಿದಿತ್ತು. ಆ ಮಾತಿಗೆ ಅವರು ನನ್ನ ಕಡೆ ನೋಡಿ ಕಣ್ಣಲ್ಲೇ ನಗುವಾಗ ನನಗೆ ಸಂಕಟವಾಗುತ್ತಿತ್ತು. ‘ಈಗ ಕುಂದ್ರ‍್ರಿ ವೈನಿ, ಪ್ಲೀಸ್, ಕಾಲ ಬಾತಾವ ನೋಡ್ರಿ,’ ಅಂತ ಎಷ್ಟೋ ಸಲ ಹೇಳಿದೆ. ‘ಹಿರೇರು ಇನ್ನೂ ಅದಾರ್ರಿ’ ಅನ್ನುವರು. ಬಾತ ಕಾಲಿನ ಮೇಲೇ ನಿಂತು, ಬಾಗಿಲ ಚೌಕಟ್ಟು ಹಿಡಿದು. ಒಳಗಿನ ಕತ್ತಲಲ್ಲಿ ಸೀರೆ ಹೊದ್ದ ಕುರ್ಚಿ ಅವರಿಗಾಗಿ ಕಾಯುತ್ತ ಕೂತಿರುತ್ತಿತ್ತು. ಒಂದು ಕುರ್ಚಿಯನ್ನು ಕಂಡರೆ ಅಂಜಿಕೆಯಾಗುವ ವಯಸ್ಸು ನನಗೂ ಬಂದಿತ್ತಲ್ಲ.

ಆದರೆ ಮೊದಲು ಹೋದವರು ದೊಡ್ಡಪ್ಪಾರು. ಚಳಿಗಾಲದ ಒಂದು ಬೆಳಿಗ್ಗೆ ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ಗಂಡಸರು ಪಡಸಾಲೆಯ ಚೀಲ ಸರಿಸುತ್ತಿದ್ದರು. ಕೂರಿಸಲು ಏನಿದೆ ಅಂತ ಮಾತು ಬಂತು. ಯಾರೋ ಪೆಂಡಾಲದವನಿಗೆ ಫೋನು ಹಚ್ಚುತ್ತೇನೆ ಅಂದರು. ಇನ್ನೊಬ್ಬರು, ‘ಅಲ್ಲೋ, ನಿಮ್ಮ ಅವ್ವನ ಖೋಲ್ಯಾಗ ಐತೆಲ್ಲಾ, ರಾಜಾನ ಖುರ್ಚಿ,’ ಅಂದರು.

ಮಗ ವೈನಿಯ ಕೋಣೆಯ ಬಾಗಿಲಿಗೆ ಬಂದು ‘ಅವ್ವಾ…’ ಅಂದು ನಿಂತ. ಹೊಸ ಕುರ್ಚಿಯ ಮೇಲೆ ಹೆಣ ಕೂರಿಸಲು ಕೇಳುವುದು ಹೇಗೆ ಅಂತ ಅವನಿಗೆ ಸಂಕೋಚ. ಕೊಡಬೇಡಿ ಅನ್ನಲು ನಾನು ಬಾಯಿ ತೆರೆದಿದ್ದೆ. ವೈನಿ ಎದ್ದು, ತಾವೇ ಹೊದಿಸಿದ್ದ ಸೀರೆ ತಾವೇ ಎಳೆದರು.

‘ಒಯ್ರಿ. ಬಾಡಿಗಿ ಖುರ್ಚಿ ಬ್ಯಾಡ.’

ದೊಡ್ಡಪ್ಪಾರು ಭವ್ಯವಾಗಿ ಕೂತರು. ಆನೆ ಕಿವಿಯ ರೆಕ್ಕೆ ತಲೆ ಹಿಡಿದಿತ್ತು. ಬಿಳಿಯ ಧೋತರ, ಬಿಳಿಯ ವಿಭೂತಿ, ಹಿಂದೆ ಆ ಕಡುಗೆಂಪು. ದತ್ತವಾಡದಿಂದ, ಅಕಿವಾಟದಿಂದ ಬಂದ ಬಳಗದವರು ‘ಏನ್ ಚಂದ ಕುಂತಾರಪಾ’ ಅಂತ ಅತ್ತರು. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವತ್ತೂ ನಿಂತೇ ಇದ್ದರು.

ಮಣ್ಣು ಮುಗಿದು ಕುರ್ಚಿ ಹಿತ್ತಲಿಗೆ ಬಂತು. ಸತ್ತವರು ಕೂತದ್ದು ಮನೆಯಲ್ಲಿ ಇರಬಾರದು, ಅಯ್ಯಾರಿಗೆ ಕೊಟ್ಟುಬಿಡಬೇಕು ಅಂದರು ಕೆಲವರು. ಅಯ್ಯಾರೆಂದರೆ ನಮ್ಮ ಕ್ರಿಯೆಗಳನ್ನು ನಡೆಸುವ ಜಂಗಮರು. ಅವರು ಕುರ್ಚಿಯ ಸುತ್ತ ಒಂದು ಸುತ್ತು ಬಂದು, ‘ನಮ್ಮ ಮನಿ ಬಾಗಲದಾಗ ಇದು ಹಿಡಿಯೂದಿಲ್ಲ ತಾಯಿ. ತೊಳದ ಇಟ್ಕೋರಿ, ಕಟಗೀಗೆ ಎಂಥಾ ಸೂತಕ,’ ಅಂದು ಹೊರಟುಹೋದರು.

ವೈನಿ ಹಿತ್ತಲಲ್ಲಿ ಕುರ್ಚಿಯ ಎದುರು ನಿಂತೇ ಅತ್ತರು. ಯಜಮಾನರು ಹೋದಾಗಲೂ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ‘ಇದು ಅವರದಾತು ಅಕ್ಕೋರ. ಇದರಾಗೂ ಅವರ ಮೊದಲ ಕುಂತರು.’

ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು. ‘ಹಂಗಾರ ಎದ್ದ ಹೋದ್ರಲ್ರಿ ಅವರು,’ ಅಂದೆ. ‘ಈಗ ಖಾಲಿ ಐತಿ.’

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೊಡ ತಂದರು.

ತೊಳೆದದ್ದು ತಾವೇ. ನೀರು ಕೆಂಪಗಾಗಲಿಲ್ಲ, ಇಚಲಕರಂಜಿಯ ಬಟ್ಟೆ ಮಾತು ಉಳಿಸಿಕೊಂಡಿತ್ತು. ಮೆಣಸಿನಕಾಯಿ ಒಣಹಾಕುವ ಅಂಗಳದಲ್ಲಿ ಕುರ್ಚಿ ಬಿಸಿಲು ಕಾಯಿತು. ಹತ್ತಿ ಒಣಗಿದ ಮೇಲೆ ಮಗನನ್ನು ಕರೆದು, ‘ಪಡಸಾಲ್ಯಾಗ ಇಡಪಾ,’ ಅಂದರು.

ಕೂರುವುದು ಅವರಿಗೆ ಸುಲಭವಾಗಲಿಲ್ಲ. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಕತೆಗಳಲ್ಲಿ ಹೆಂಗಸರು ಒಮ್ಮೆ ಧೈರ್ಯ ಮಾಡಿದರೆ ಮುಗಿಯಿತು ಅನ್ನುವ ಹಾಗೆ ಇರುತ್ತದೆ. ವೈನಿ ಕುರ್ಚಿ ಹತ್ತಿ ಕಾಲು ಮಡಚಿ ಕೂರುವರು. ಬೀದಿಯಲ್ಲಿ ಯಾರೋ ಕೆಮ್ಮಿದರೆ ಧಡಕ್ಕನೆ ಕಾಲು ಇಳಿಸುವರು. ಒಮ್ಮೆ ಹಾಗೆ ಇಳಿಸುವಾಗ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ದೊಡ್ಡಪ್ಪಾರ ಫೋಟೋ ಎದುರು ಗೋಡೆಯಲ್ಲೇ ಇತ್ತು.

‘ಅವರ ಹ್ವಾದ್ರು,’ ಅಂದರು ಒಂದು ಸಂಜೆ. ‘ಅಂಜಿಕಿ ಮಾತ್ರ ಇಲ್ಲೇ ಬಿಟ್ಟ ಹೋಗ್ಯಾರ ನೋಡ್ರಿ. ಒಯ್ಯಾಕ ಮರತಾರ.’

‘ಫೋಟೋ ಬ್ಯಾರೆ ಕಡೆ ಹಚ್ಚಸೋಣೇನು?’

‘ಬ್ಯಾಡ. ಅವರೂ ನೋಡ್ಲಿ. ಇಬ್ಬರೂ ರೂಢಿ ಮಾಡ್ಕೋಬೇಕು.’

ಮಳೆಗಾಲಕ್ಕೆ ಮುಂಚೆ ಒಂದು ದಿನ ನಾನು ಅವರ ಮನೆಗೆ ಹೋದೆ. ಸೊಸೆ ಬಾಗಿಲು ತೆರೆದಳು. ವೈನಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು, ಮಡಿಲಲ್ಲಿ ಮೊರ. ‘ಬರ್ರಿ ಅಕ್ಕೋರ’ ಅಂದರು. ಏಳಲಿಲ್ಲ. ಅಷ್ಟು ವರ್ಷಗಳ ಒಡನಾಟದಲ್ಲಿ ನನ್ನನ್ನು ಅವರು ಏಳದೆ ಕರೆದದ್ದು ಅದೇ ಮೊದಲು. ನಾನೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಅವರಿಗೆ ತಾವು ಏಳಲಿಲ್ಲ ಅನ್ನುವುದು ಗೊತ್ತೇ ಆಗಿರಲಿಲ್ಲ. ಒಂದು ತೊಟ್ಟು ಮುರಿದು, ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ‘ಬೀಜ ಪೊಳ್ಳ ಅದಾವ ಈ ಸಲ,’ ಅಂದರು.

ಹೆಚ್ಚು ಕಾಲ ಇರಲಿಲ್ಲ ಆ ಸುಖ. ಆ ಮಳೆಗಾಲದಲ್ಲೇ ಎದೆಯಲ್ಲಿ ಕಫ ತುಂಬಿ ಕೊಲ್ಹಾಪುರದ ಆಸ್ಪತ್ರೆಗೆ ಒಯ್ದರು. ಅಲ್ಲೇ ಹೋದರು. ಹೊರಗೆ ಪಂಚಗಂಗೆ ತುಂಬಿ ಬಂದಿತ್ತು, ಅತ್ತ ಊರ ಹೊಳೆ ಹಿರಣ್ಯಕೇಶಿಯೂ, ದಾರಿ ನೀರಲ್ಲಿ. ನೀರು ಇಳಿಯುವವರೆಗೆ ಅವರನ್ನು ಆಸ್ಪತ್ರೆಯ ತಣ್ಣನೆಯ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ಗಡಹಿಂಗ್ಲಜದಲ್ಲಿ ಸೊಸೆ ಕುರ್ಚಿ ಒರೆಸಿ, ಬಿಳಿ ಸೀರೆ ತೆಗೆದಿಟ್ಟು, ಅಳುತ್ತ ಕಾಯುತ್ತಿದ್ದಳು. ಬಾಡಿಗೆ ಕುರ್ಚಿಯ ಮಾತನ್ನು ನಾನೇ ಅವಳಿಗೆ ಹೇಳಿದ್ದೆ. ಅತ್ತೆ ಯಾವುದಕ್ಕಾಗಿ ಅದನ್ನು ತಂದಿದ್ದರು ಅನ್ನುವುದು ಆಗ ಮನೆಗೆಲ್ಲ ಗೊತ್ತಾಗಿತ್ತು.

ಅಂಬುಲೆನ್ಸ್ ಬಂದಾಗ ವೈನಿ ನೆಟ್ಟಗೆ ಮಲಗಿದ್ದರು, ಪೆಟ್ಟಿಗೆಯ ಚಳಿಗೆ ಸೆಟೆದು, ಕಟ್ಟಿಗೆಯ ಹಾಗೆ. ಸ್ನಾನ ಮಾಡಿಸಿದರು. ಕೂರಿಸಲು ಎತ್ತಿದರೆ ಸೊಂಟ ಬಾಗಲಿಲ್ಲ, ಮೊಣಕಾಲು ಮಡಚಲಿಲ್ಲ. ಅಯ್ಯಾರು ಬಿಸಿನೀರು ಹಾಕಿಸಿದರು, ಕೀಲಿಗೆ ಎಣ್ಣೆ ತಿಕ್ಕಿಸಿದರು. ಮತ್ತೆ ಎತ್ತಿದರು. ಆಗಲಿಲ್ಲ.

ಬಳಗದ ಗಂಡಸೊಬ್ಬರು ತೋಳು ಮೇಲೇರಿಸಿ, ‘ಮೊಳಕಾಲ ಮ್ಯಾಲೆ ಒಬ್ಬರು ಜೋರ ಒತ್ತಬೇಕು, ಇಲ್ಲಾಂದ್ರ ಮಡಚೂದಿಲ್ಲ. ಮುರದ್ರೂ ಈಗ ನೋವೇನ ಆಗೂದಿಲ್ಲ ಅವರಿಗೆ,’ ಅಂದರು. ಮಗ ಅವ್ವನ ಕಾಲು ಹಿಡಿದು ಕೂತಿದ್ದ. ‘ಅವ್ವನ ಆಸೆ ಅದೊಂದ ಇತ್ರಿ,’ ಅಂದ ಅಯ್ಯಾರಿಗೆ, ಚಿಕ್ಕ ಹುಡುಗನ ದನಿಯಲ್ಲಿ. ‘ಕುಂದರಸಲೇಬೇಕು.’

ನಾನು ಆ ಮೊಣಕಾಲುಗಳನ್ನು ನೋಡಿದೆ. ಎಷ್ಟು ಸಲ ಎದ್ದ ಮೊಣಕಾಲು ಅವು.

‘ಬ್ಯಾಡ,’ ಅಂದೆ. ಗಂಡಸರು ತುಂಬಿದ ಪಡಸಾಲೆಯಲ್ಲಿ ನನ್ನ ದನಿ ನನಗೇ ಕ್ಲಾಸ್‌ರೂಮಿನದರ ಹಾಗೆ ಕೇಳಿಸಿತು. ‘ಒತ್ತಬ್ಯಾಡ್ರಿ. ವೈನಿ ಕುಂತಾಗೈತಿ. ಜೀವ ಇದ್ದಾಗನ ಕುಂತಾರ, ಇದ ಖುರ್ಚಿ ಮ್ಯಾಲೆ, ನಾ ನೋಡೇನಿ. ಇನ್ನ ಮಲಗಲಿ ಬಿಡ್ರಿ.’

ಸೊಸೆ ಬಾಯಿ ಮುಚ್ಚದೆ ಅಳುತ್ತ ‘ಹೌದ್ರಿ, ಕುಂದರ್ತಿದ್ರು,’ ಅಂದಳು. ‘ದಿನಾ ಕುಂದರ್ತಿದ್ರು.’

ತೋಳು ಏರಿಸಿದವರು ಹಾಗೇ ನಿಂತರು. ಪದ್ಧತಿ ಅಂದರೆ ಪದ್ಧತಿ; ಅದನ್ನು ಮೀರುವ ಮಾತನ್ನು ಅಯ್ಯಾರೇ ಹೇಳಬೇಕು. ಅಯ್ಯಾರು ಎದ್ದು ಕುರ್ಚಿಯ ಬಳಿ ಹೋದರು. ಬಾಗಿ, ಕೂರುವ ಜಾಗದ ಮೇಲೆ ಅಂಗೈ ಆಡಿಸಿದರು. ಬಿಗಿಯಾಗಿ ತುಂಬಿದ್ದ ಆ ಹತ್ತಿ ಅಷ್ಟರಲ್ಲಿ ಎರಡು ಕಡೆ ತಗ್ಗಿತ್ತು, ಒಂದು ಎಡಕ್ಕೆ, ಒಂದು ಬಲಕ್ಕೆ. ಕಾಲು ಮಡಚಿ ದಿನಾ ಕೂತವರ ಮಂಡಿ ಊರಿದ ಗುರುತು. ತಗ್ಗಿನಲ್ಲಿ ಒಂದೆರಡು ಮೆಣಸಿನಕಾಯಿ ಬೀಜ ಸಿಕ್ಕಿಕೊಂಡಿದ್ದವು.

ಅಯ್ಯಾರು ಅವನ್ನು ಬೆರಳಲ್ಲಿ ತೆಗೆದು ನೋಡಿ, ಮತ್ತೆ ಅಲ್ಲೇ ಇಟ್ಟರು.

‘ಹೌದು, ಕುಂತಾರ,’ ಅಂದರು. ‘ಮಲಗಸ್ರಿ.’